ಬಿಸಿಲು ಬದಿಯ ಗೋಡೆ

ಎತ್ತರದ ಕಟ್ಟಡಕ್ಕೆ ಹೊರಗಿನಿಂದ ಬಣ್ಣ ಹೊಡೆಯುವವರು ನೆರಳಿನ ಹಿಂದೆ ಹೋಗಬೇಕು. ಬೆಳಿಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ಮೇಲೆ ಪೂರ್ವದ ಗೋಡೆ. ಬಿಸಿಲಿಗೆ ಕಾದ ಗೋಡೆಯ ಮೇಲೆ ರೋಲರ್ ಎಳೆದರೆ ಕೈ ಎತ್ತುವುದರೊಳಗೆ ಬಣ್ಣ ಒಣಗಿ, ಒಂದು ಎಳೆತಕ್ಕೆ ಇನ್ನೊಂದು ಕೂಡುವಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಆದರೆ ಬಿಸಿಲು ಬಿದ್ದ ಗೋಡೆಯನ್ನು ಸುಮ್ಮನೆ ಬಿಡಲೂ ಆಗುವುದಿಲ್ಲ. ಅಲ್ಲಿ ಹಳೆಯ ಬಣ್ಣ ಕೆರೆಯುವುದು, ಬಿರುಕು ಬಿಡಿಸಿ ತುಂಬುವುದು ನಡೆದೇ ಇರಬೇಕು, ಇಲ್ಲದಿದ್ದರೆ ಮಳೆಗಾಲ ಬರುವುದರೊಳಗೆ ಕೆಲಸ ಮುಗಿಯುವುದಿಲ್ಲ. ಹಾಗಾಗಿ ಯಾವ ಗ್ಯಾಂಗಿನಲ್ಲಾದರೂ ಒಬ್ಬರೋ ಇಬ್ಬರೋ ದಿನವಿಡೀ ಬಿಸಿಲು ಬದಿಯಲ್ಲೇ ತೂಗುತ್ತಿರುತ್ತಾರೆ. ಅವರು ಯಾರು ಎಂದು ಹೇಳುವವನು ಗ್ಯಾಂಗಿನ ಮುಖ್ಯಸ್ಥ. ಮುಂಬಯಿಯ ಮುಲುಂಡಿನ ಆ ಹದಿನಾಲ್ಕು ಮಹಡಿಯ ಕೆಲಸದಲ್ಲಿ ಆ ಮುಖ್ಯಸ್ಥ ನಾನು.

ನಾನು ಓದು ಬಿಟ್ಟದ್ದು ಐದನೆಯದಕ್ಕೆ. ಆದರೆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಒಳಗೆ ಎಷ್ಟು ದೂರ ಟೊಳ್ಳಾಗಿದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಬಲ್ಲೆ. ಇಂಜಿನಿಯರ್ ಒಬ್ಬರು ನನ್ನ ಗೆರೆಯ ಮೇಲೆ ಒಡೆಸಿ ನೋಡಿ, ಎರಡನೇ ಸಲ ಒಡೆಸುವ ಗೋಜಿಗೆ ಹೋಗಲಿಲ್ಲ. ಈ ಮಾತು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚವಿರುವುದು ಮುಂದೆ ಹೇಳುವುದಕ್ಕೆ.

ನಮ್ಮ ಗ್ಯಾಂಗಿನಲ್ಲಿ ಆಗ ಒಂಬತ್ತು ಜನ. ಒಬ್ಬನನ್ನು ಬಿಟ್ಟು ಎಲ್ಲರೂ ವಿಜಯಪುರ, ಬಾಗಲಕೋಟೆ ಕಡೆಯವರು. ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. ಊರು ಹಿಡಿದು ಕರೆಯುತ್ತೇವೆ. ಸಿಂದಗಿ ಕಾಕಾ, ತಾಳಿಕೋಟಿ, ಹುನಗುಂದ, ಹೀಗೆ. ಆ ಸಲ ಹೊಸದಾಗಿ ಸೇರಿದವನು ಹಳಿಯಾಳದವನು. ಮೂವತ್ತೈದರ ಹತ್ತಿರದ ವಯಸ್ಸು, ಊರಲ್ಲಿ ಹೆಂಡತಿ, ಎರಡು ಮಕ್ಕಳು. ಅವನು ಸಿದ್ದಿ. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ಹಳಿಯಾಳ, ಯಲ್ಲಾಪುರದ ಕಾಡಿನ ಅಂಚಿನಲ್ಲಿ ಊರು ಕಟ್ಟಿಕೊಂಡಿದ್ದಾರೆ. ಬಣ್ಣ, ಕೂದಲು ಹಾಗೆಯೇ ಉಳಿದಿವೆ, ಮಾತು ನಮ್ಮದು. ಅವನನ್ನು ಮಾತ್ರ ನಮ್ಮವರು ಊರು ಹಿಡಿದು ಕರೆಯಲಿಲ್ಲ. ಮೊದಲ ದಿನವೇ ತಾಳಿಕೋಟಿ ‘ಆಫ್ರಿಕಾ’ ಎಂದ, ಅದೇ ನಿಂತಿತು. ನಾನೂ ಹಾಗೆಯೇ ಕರೆದೆ. ಅವನು ‘ಓ’ ಎನ್ನುತ್ತಿದ್ದ.

ಮೊದಲ ವಾರದಿಂದಲೇ ಅವನನ್ನು ಬಿಸಿಲು ಬದಿಗೆ ಹಾಕಿದೆ. ಅವನ ಕೈ ಪಳಗಿತ್ತು. ಹಳೆ ಬಣ್ಣವನ್ನು ಗೋಡೆಗೆ ಗೀರು ಬೀಳದಂತೆ ಕೆರೆಯುತ್ತಿದ್ದ, ಬಿರುಕನ್ನು ಕೊನೆಯ ಕೂದಲೆಳೆಯವರೆಗೆ ಹಿಂಬಾಲಿಸುತ್ತಿದ್ದ. ಒಂದು ಪಟ್ಟಿ ಎಂದರೆ, ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ, ಅಂದರೆ ಝೂಲಾದ ಮೇಲೆ ಕೂತವನ ಎರಡು ಕೈ ಎಟಕುವಷ್ಟು ಅಗಲ, ಟೆರೇಸಿನಿಂದ ನೆಲದವರೆಗೆ. ಬೇರೆಯವರು ಒಂದು ಮುಗಿಸುವಷ್ಟರಲ್ಲಿ ಅವನು ಒಂದೂವರೆ ಮುಗಿಸುತ್ತಿದ್ದ.

ಮೂರನೇ ವಾರ, ಒಂದು ಮಂಗಳವಾರ ಬೆಳಿಗ್ಗೆ, ಏಳನೇ ಮಹಡಿಯಲ್ಲಿ ಗದ್ದಲವಾಯಿತು. ನಿವೃತ್ತರಾದ ಯಜಮಾನರೊಬ್ಬರು ಚಹಾದ ಕಪ್ಪು ಹಿಡಿದು ಪರದೆ ಸರಿಸಿದ್ದಾರೆ, ಎದುರಿಗೆ ಹಳಿಯಾಳದವನ ಮುಖ. ಅವರು ಕೂಗಿದ್ದು ಕೆಳಗೆ ನಿಂತ ನನಗೂ ಕೇಳಿಸಿತು. ನಾನು ಲಿಫ್ಟಿನಲ್ಲಿ ಮೇಲೆ ಹೋಗುವಷ್ಟರಲ್ಲಿ ಅವನ ಫೋಟೊ ಕಟ್ಟಡದ ನಿವಾಸಿಗಳ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಹರಿದಾಡುತ್ತಿತ್ತು. ನಮ್ಮ ಗೋಡೆಯ ಮೇಲೆ ನೈಜೀರಿಯಾದವನು ಯಾಕಿದ್ದಾನೆ, ಮಾದಕ ಪುಡಿ ಮಾರುವವರು ಈಗ ಕಿಟಕಿಯಿಂದ ಬರುತ್ತಿದ್ದಾರೆಯೇ ಎಂದು ಕೆಳಗೆ ಬರಹ.

ಸೊಸೈಟಿಯ ಸೆಕ್ರೆಟರಿ ನನ್ನನ್ನೂ ಅವನನ್ನೂ ಆಫೀಸಿಗೆ ಕರೆಸಿದರು. “ಯೇ ಕಹಾಂ ಸೆ ಲಾಯಾ?” ಇವನನ್ನು ಎಲ್ಲಿಂದ ತಂದೆ ಎಂದು.

“ಕರ್ನಾಟಕ ಕಾ ಹೈ ಸಾಬ್. ಮೇರಾ ಗಾಂವ್‌ವಾಲಾ ಸಮಝೋ.” ಕರ್ನಾಟಕದವನು, ನನ್ನ ಊರಿನವನೆಂದೇ ತಿಳಿಯಿರಿ ಎಂದೆ.

ಅವನ ಆಧಾರ್ ಕಾರ್ಡು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ಎರಡೂ ಮಗ್ಗುಲು ನೋಡಿದರು. ಹಳಿಯಾಳ ತಾಲೂಕು ಎಂದು ಬರೆದಿತ್ತು. “ಆಜ್‌ಕಲ್ ಯೇ ಭೀ ಬನ್ ಜಾತಾ ಹೈ” ಎಂದರು, ಈಗೀಗ ಇದನ್ನೂ ಮಾಡಿಸಿಕೊಳ್ಳುತ್ತಾರೆ ಎಂದು. ಕನ್ನಡದಲ್ಲಿ ಮಾತಾಡಿ ತೋರಿಸು ಎಂದರು. ಅವನು ನನ್ನ ಕಡೆ ನೋಡಿ ಹೇಳಿದ:

“ಏನ ಮಾತಾಡ್ಲಿರಿ ಅಣ್ಣಾರ? ಬಾಯಿಪಾಠ ಹೇಳ್ಲ್ಯಾ?”

ನಾನು ನಕ್ಕೆ. ಸೆಕ್ರೆಟರಿ ನಗಲಿಲ್ಲ. ಕಮಿಟಿಯ ತೀರ್ಮಾನ ಚಿಕ್ಕದಾಗಿತ್ತು: ಅವನನ್ನು ಝೂಲಾದಿಂದ ಇಳಿಸಿ, ಇಲ್ಲವೇ ನೀವೆಲ್ಲ ಇಳಿಯಿರಿ.

ಆಗ ಅಡ್ಡ ಬಂದವರು ಹನ್ನೊಂದನೇ ಮಹಡಿಯ ಮೇಡಂ. ಉಡುಪಿ ಕಡೆಯವರು, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು, ನನ್ನ ಕನ್ನಡ ಕೇಳಿದ ದಿನದಿಂದ ಕಂಡಾಗಲೆಲ್ಲ ನಿಂತು ಮಾತಾಡಿಸುತ್ತಿದ್ದರು. ಅವರು ಕಮಿಟಿಯವರ ಮುಂದೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದಾಗ ಅವರ ಮುಖ ಕೆಂಪಾಗಿತ್ತು.

“ಹೀಗೆ ಹೆದರಿ ಹೆದರಿ ಆಗುದಲ್ಲ. ಭಾನುವಾರ ಸಂಜೆ ಸೊಸೈಟಿ ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸ್ತೇನೆ. ಮೈಬಣ್ಣದ ವಿಷಯ ಒಮ್ಮೆ ಬಾಯಿ ಬಿಟ್ಟು ಮಾತಾಡ್ಲಿ. ನೀವೂ ಬರ್ಬೇಕು, ಅವನನ್ನೂ ಕರ್ಕೊಂಡು ಬರ್ಬೇಕು, ಆಯ್ತಾ?”

“ಆತ್ರೀ ಮೇಡಂ. ಅಲ್ಲಿತನಕ ಅಂವಾ?”

“ಅಲ್ಲಿವರೆಗೆ ಕೆಳಗೆ ಕೆಲಸ ಕೊಡಿ ಮಾರಾಯ್ರೆ. ಐದು ದಿನ ಅಲ್ವಾ.”

ಐದು ದಿನ ಅವನು ಪಾರ್ಕಿಂಗಿನಲ್ಲಿ ಕೂತು ಬ್ರಷ್ ತೊಳೆದ, ಪುಟ್ಟಿ ಕಲಸಿದ. ನನ್ನ ಅತ್ಯುತ್ತಮ ಕೆರೆತದ ಕೈ ನೆಲದ ಮೇಲೆ. ವಾಚ್‌ಮನ್ ದಿನಾ ಬೆಳಿಗ್ಗೆ ಅವನೊಬ್ಬನ ಆಧಾರ್ ಕೇಳುತ್ತಿದ್ದ. ಅವನು ದಿನಾ ತೋರಿಸುತ್ತಿದ್ದ.

ಭಾನುವಾರ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಿಕ್ರೋಳಿಯಿಂದ ಲೋಕಲ್ ಹಿಡಿದು ಹೋದೆ. ಗ್ಯಾಂಗಿನ ಎಲ್ಲರನ್ನೂ ಬರಲು ಹೇಳಿದ್ದೆ. ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಅರವತ್ತು ಜನವಾದರೂ ಇದ್ದರು. ಮೇಡಂ ಮೊದಲೇ ನಿಯಮ ಹೇಳಿದರು. ಮೈಕು ಕೈಯಲ್ಲಿದ್ದವರು ಮಾತ್ರ ಮಾತಾಡಬೇಕು. ಯಾರ ಮೇಲೂ ಬೆರಳು ತೋರಿಸುವಂತಿಲ್ಲ. ತನ್ನ ಸ್ವಂತದ್ದನ್ನು ಹೇಳಬೇಕು. ನನಗೆ ಇದು ಹಿಡಿಸಿತು. ನಮ್ಮಲ್ಲಿ ಒಬ್ಬರ ಮಾತು ಮುಗಿಯುವ ಮುಂಚೆ ನಾಲ್ಕು ಜನ ಬಾಯಿ ಹಾಕುತ್ತಾರೆ.

ಮೈಕು ತಿರುಗಿತು. ಒಬ್ಬರು ವಿದೇಶದಲ್ಲಿ ಕೆಲಸದಲ್ಲಿದ್ದಾಗ ಅಂಗಡಿಯ ಕಾವಲುಗಾರ ತನ್ನ ಹಿಂದೆ ಹಿಂದೆಯೇ ಬಂದದ್ದನ್ನು ಹೇಳಿದರು. ಒಬ್ಬ ಹೆಂಗಸು, ಬಣ್ಣ ಕಡಿಮೆ ಎಂದು ತನಗೆ ಬಂದ ವರಗಳೆಲ್ಲ ತಿರುಗಿ ಹೋದದ್ದನ್ನು ಹೇಳಿದರು. ಅವರ ಗಂಡ ಪಕ್ಕದಲ್ಲೇ ಕೂತು ನೆಲ ನೋಡುತ್ತಿದ್ದರು. ಏಳನೇ ಮಹಡಿಯ ಯಜಮಾನರು ಎದ್ದು, ಅಂದು ಬೆಚ್ಚಿಬಿದ್ದು ಹಾಗೆ ಮಾಡಿದೆ, ಕ್ಷಮಿಸಬೇಕು ಎಂದು ಹಳಿಯಾಳದವನ ಕಡೆ ಕೈ ಮುಗಿದರು. ಮೇಡಂ ಕಣ್ಣೊರೆಸಿಕೊಂಡರು. ಅವರಲ್ಲಿ ಯಾರೂ ನಾಟಕ ಮಾಡುತ್ತಿರಲಿಲ್ಲ. ಇದನ್ನು ನಾನು ಇವತ್ತಿಗೂ ಹೇಳುತ್ತೇನೆ.

ಆಮೇಲೆ ಮೈಕು ನನಗೆ ಬಂತು. ಎದೆ ಉಬ್ಬಿತ್ತು. ಹಿಂದಿಯಲ್ಲಿ ಮಾತಾಡಿದೆ. ನಮ್ಮ ಗ್ಯಾಂಗಿನಲ್ಲಿ ಭೇದವೇ ಇಲ್ಲ ಎಂದೆ. ಒಂದೇ ಬುತ್ತಿಯಲ್ಲಿ ಕೈ ಹಾಕುತ್ತೇವೆ ಎಂದೆ. ಅದು ನಿಜ. ಅಷ್ಟಕ್ಕೆ ಬಿಡಬೇಕಿತ್ತು. ಚಪ್ಪಾಳೆ ಬಿತ್ತು, ನಾನು ಮುಂದುವರಿಸಿದೆ: “ಈ ಮನುಷ್ಯ ನಾಲ್ಕು ಜನರ ಕೆಲಸ ಒಬ್ಬನೇ ಮಾಡುತ್ತಾನೆ. ಇವರ ರಕ್ತದಲ್ಲೇ ಆ ಕಸುವಿದೆ. ನಾವು ನೀವು ಹತ್ತು ನಿಮಿಷ ನಿಲ್ಲಲಾರದ ಬಿಸಿಲಿನಲ್ಲಿ ಇವನು ದಿನವಿಡೀ ತೂಗುತ್ತಾನೆ. ಬಿಸಿಲು ಇವನಿಗೆ ತಟ್ಟುವುದೇ ಇಲ್ಲ.” ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು. ಸಿಂದಗಿ ಕಾಕಾ ಎರಡೂ ಕೈ ಮೇಲೆತ್ತಿ ಹೊಡೆದ.

ಮೈಕು ಕೊನೆಗೆ ಅವನ ಕೈಗೆ ಹೋಯಿತು. ಅದನ್ನು ಅವನು ಕೆರೆಯುವ ಪತ್ತಿಯನ್ನು ಹಿಡಿಯುವ ಹಾಗೆ ಗಟ್ಟಿಯಾಗಿ ಹಿಡಿದುಕೊಂಡ.

“ಧೂಪ್ ಮುಝೇ ಭೀ ಲಗ್ತೀ ಹೈ, ಸಾಬ್.”

ನನಗೂ ಬಿಸಿಲು ಬಡಿಯುತ್ತದೆ. ಇಷ್ಟೇ ಹೇಳಿ ಮೈಕು ಕೊಟ್ಟುಬಿಟ್ಟ. ಹಾಲ್‌ನಲ್ಲಿ ನಗು ಎದ್ದಿತು, ಒಳ್ಳೆಯ ಮನಸ್ಸಿನ ನಗು. ಎಷ್ಟು ಸರಳ ಮನುಷ್ಯ ಎನ್ನುವಂಥದ್ದು. ಯಾರೋ ‘ವಾಹ್’ ಎಂದರು. ಅವನು ಆ ಮಾತು ಹೇಳುವಾಗ ಯಾರನ್ನು ನೋಡುತ್ತಿದ್ದ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಸೆಕ್ರೆಟರಿ ಠರಾವು ಓದಿದರು: ಯಾವ ಕೆಲಸಗಾರನೂ ಯಾವ ಗೋಡೆಯ ಮೇಲಾದರೂ ಕೆಲಸ ಮಾಡಬಹುದು. ಎಲ್ಲರೂ ಕೈ ಎತ್ತಿದರು. ಸಮೋಸ ಬಂತು.

ಸ್ಟೇಷನ್ನಿಗೆ ನಡೆಯುವಾಗ ಕೇಳಿದೆ. “ಹಂಗ್ಯಾಕ ಅಂದಿ ಮಾರಾಯಾ, ಅಷ್ಟ ಮಂದ್ಯಾಗ?”

“ಇದ್ದದ್ದ ಅಂದ್ನಿರಿ.”

“ಬಿಸಲ ತಡ್ಯಾಕ ಆಗೂದಿಲ್ಲಂದ್ರ ನನಗ ಹೇಳಬೇಕಿತ್ತಿಲ್ಲೋ?”

“ಹೇಳಿದ್ನಲ್ರಿ, ಮೊದಲನೇ ವಾರದಾಗ. ಮೂಗಿನ್ಯಾಗ ರಕ್ತ ಬಂದಿತ್ತು. ನೀವ ನಕ್ರಿ. ‘ನಿನಗ ಬಿಸಲೇನ ಮಾಡತೈತೋ ಆಫ್ರಿಕಾ, ನೀ ಬಿಸಲಾಗ ಹುಟ್ಟಿದಾಂವ’ ಅಂದ್ರಿ. ನಾ ಹುಟ್ಟಿದ್ದ ಕಾಡಿನಾಗ್ರಿ ಅಣ್ಣಾರ. ನಮ್ಮ ಊರಾಗ ನಡುಮಧ್ಯಾಹ್ನನೂ ಬರೇ ನೆಳ್ಳ ಇರತೈತಿ.”

ಅವನು ಅಂಗಿಯ ಕಾಲರು ಎಳೆದು ತೋರಿಸಿದ. ಕತ್ತಿನ ಹಿಂದೆ, ಭುಜದ ಮೇಲೆ ಚರ್ಮ ಸುಲಿದು ಹಸಿಯಾಗಿತ್ತು. ಮೆಡಿಕಲ್ ಅಂಗಡಿಯಿಂದ ತಂದ ಮುಲಾಮು ಹಚ್ಚಿಕೊಂಡಿದ್ದ. ಬೆಳ್ಳಗಿರುವವರಿಗೆ ಸುಟ್ಟರೆ ಕೆಂಪಾಗುತ್ತದೆ, ಕಾಣುತ್ತದೆ. ಅವನದು ಕಂಡಿರಲಿಲ್ಲ, ಅಥವಾ ನಾನು ನೋಡಿರಲಿಲ್ಲ. ಗೋಡೆ ತಟ್ಟಿ ಒಳಗಿನದನ್ನು ಹೇಳುವವನು ನಾನು.

ಆ ಸಭೆಯಿಂದ ಏನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೋಮವಾರ ವಾಚ್‌ಮನ್ ಆಧಾರ್ ಕೇಳಲಿಲ್ಲ. ಸರದಿ ಹಾಕುವ ಯೋಚನೆ ನನಗಿನ್ನೂ ಬಂದಿರಲಿಲ್ಲ, ಹಳಿಯಾಳದವನು ಮತ್ತೆ ಬಿಸಿಲಿಗೇ ಇಳಿದ, ಬೆಳಿಗ್ಗೆ ಪೂರ್ವದ ಗೋಡೆ, ಮಧ್ಯಾಹ್ನ ಪಶ್ಚಿಮದ್ದು. ಏಳನೇ ಮಹಡಿಯ ಯಜಮಾನರು ಕಿಟಕಿಯಲ್ಲಿ ನಿಂತು ಅವನಿಗೆ ‘ಗುಡ್ ಮಾರ್ನಿಂಗ್’ ಹೇಳಿದರಂತೆ. ಗಾಜು ಮುಚ್ಚಿದ್ದರಿಂದ ತುಟಿ ಅಲುಗಿದ್ದಷ್ಟೇ ಕಂಡಿತಂತೆ. ನಾನು ಕೆಳಗಿನಿಂದ ನೋಡುತ್ತಿದ್ದೆ. ಅವನ ಹಲಗೆ ಒಂದೊಂದು ಮಹಡಿ ಇಳಿದಂತೆ ಆ ಮಹಡಿಯ ಕಿಟಕಿಗಳು ಮುಚ್ಚುತ್ತಿದ್ದವು. ಪಕ್ಕದ ಪಟ್ಟಿಯಲ್ಲಿ ಬಿರುಕು ತುಂಬುತ್ತಿದ್ದ ಹುನಗುಂದದವನ ಮುಂದಿನವು ತೆರೆದೇ ಇದ್ದವು. ಕೆರೆತದ ಧೂಳಿಗೆ ಮುಚ್ಚುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಸ್ವಲ್ಪ ನಿಜವೂ ಇತ್ತು, ಅದೇ ತೊಂದರೆ. ಯಾರನ್ನು ಹಿಡಿದು ಏನು ಕೇಳುವುದು?

ಅವರದ್ದು ನನ್ನ ಕೈಯಲ್ಲಿಲ್ಲ, ನನ್ನ ಗ್ಯಾಂಗಿನದು ನನ್ನ ಕೈಯಲ್ಲಿದೆ ಎಂದುಕೊಂಡು, ಮಂಗಳವಾರ ಬೆಳಿಗ್ಗೆ ಟೆರೇಸಿನ ಮೇಲೆ ಎಲ್ಲರನ್ನೂ ನಿಲ್ಲಿಸಿದೆ. ಇವತ್ತಿನಿಂದ ಬಿಸಿಲು ಬದಿ ಸರದಿಯ ಮೇಲೆ, ಒಬ್ಬೊಬ್ಬರಿಗೆ ಎರಡು ದಿನ, ಮೊದಲ ಸರದಿ ಸಿಂದಗಿ ಕಾಕಾನದು ಎಂದೆ. ಹಿರಿಯನಿಂದ ಶುರುವಾದರೆ ಉಳಿದವರು ತಕರಾರು ತೆಗೆಯುವುದಿಲ್ಲ ಎಂದು ನನ್ನ ಲೆಕ್ಕ.

ಕಾಕಾ ಕಟ್ಟುತ್ತಿದ್ದ ಹಗ್ಗ ಕೆಳಗೆ ಬಿಟ್ಟ. “ಈ ವಯಸ್ಸಿನ್ಯಾಗ ನನ್ನ ಬಿಸಲಿಗೆ ಒಗದು, ಆಫ್ರಿಕಾನ್ನ ನೆಳ್ಳಾಗ ಕುಂಡ್ರಸಾಂವೇನೋ?”

“ಅವನ ಮೈ ಸುಟ್ಟೈತಿ ಕಾಕಾ.”

“ಸುಡಲಾರದ ಏನ? ನಮ್ಮದೂ ಸುಟ್ಟೈತಿ. ನಾವ ಹೇಳೇವೇನ?”

“ಹೇಳೋ ಪ್ರಸಂಗನ ಬಂದಿಲ್ಲ ನಿಮಗ” ಎಂದೆ. “ಮೊನ್ನೆ ಹಾಲ್‌ನ್ಯಾಗ ಎರಡೂ ಕೈಲೆ ಚಪ್ಪಾಳಿ ಹೊಡದ್ಯಲ್ಲ ಕಾಕಾ.”

“ಚಪ್ಪಾಳಿ ಬ್ಯಾರೆ, ಹಗ್ಗ ಬ್ಯಾರೆ” ಎಂದ ಕಾಕಾ. ತಾಳಿಕೋಟಿ ನಕ್ಕ. ಉಳಿದವರು ನಗಲಿಲ್ಲ, ಹಗ್ಗವನ್ನೂ ಮುಟ್ಟಲಿಲ್ಲ.

ಹಳಿಯಾಳದವನು ನಡುವೆ ಬಂದ. “ಬಿಡ್ರಿ ಅಣ್ಣಾರ, ನಾನ ಇಳೀತೀನಿ. ನನ್ನ ಸಂಬಂಧ ಜಗಳ ಬ್ಯಾಡ್ರಿ.”

“ನೀ ಸುಮ್ಮನಿರು” ಎಂದೆ. ನನ್ನ ಮಾತನ್ನು ನನ್ನ ಗ್ಯಾಂಗು ಕೇಳದೆ ಇದ್ದದ್ದು ಅದೇ ಮೊದಲು. ಬೆಳಿಗ್ಗೆ ಇಡೀ ಬಿಸಿಲು ಬದಿ ಖಾಲಿ ಉಳಿಯಿತು. ಅವರೆಲ್ಲ ಪಶ್ಚಿಮದಲ್ಲಿ ಬಣ್ಣ ಹಚ್ಚಿದರು, ಅವನನ್ನೂ ಅವರ ಜೊತೆ ನೆರಳಿನಲ್ಲಿ ಇಳಿಸಿದೆ. ಅವನ ಪಕ್ಕದ ಪಟ್ಟಿಯವನು ಒಂದು ಪಟ್ಟಿ ಬಿಟ್ಟು ಆಚೆ ಕಟ್ಟಿಕೊಂಡ. ಬಾಯಿ ಬಿಟ್ಟು ಯಾರೂ ಏನೂ ಹೇಳಲಿಲ್ಲ. ಹೇಳಿದ್ದರೆ ಬೈಯಬಹುದಿತ್ತು.

ಊಟವಾದ ಮೇಲೆ ನಾನೇ ಬೆಲ್ಟು ಕಟ್ಟಿಕೊಂಡೆ. ಆರು ವರ್ಷದಿಂದ ನಾನು ತೂಗಿರಲಿಲ್ಲ. ಕೆಳಗೆ ನಿಂತು ಕೈ ತೋರಿಸುವುದು ನನ್ನ ಕೆಲಸವಾಗಿತ್ತು. ಪಶ್ಚಿಮದ ಗೋಡೆಗೆ ಬಿಸಿಲು ತಿರುಗಿತ್ತು. ಅದರ ದಕ್ಷಿಣದ ತುದಿಯ ಪಟ್ಟಿಗಳ ಕೆರೆತ ಬಾಕಿ ಇತ್ತು.

ನಮ್ಮಲ್ಲಿ ಒಂದು ಕಟ್ಟುಪಾಡಿದೆ. ತೂಗುವವನು ತನ್ನ ಮೇಲಿನ ಮನುಷ್ಯನನ್ನು ತಾನೇ ಆರಿಸಿಕೊಳ್ಳುತ್ತಾನೆ. ಹಗ್ಗವನ್ನು ನೀರಿನ ಟ್ಯಾಂಕಿನ ಕಂಬಕ್ಕೆ ಎರಡು ಸುತ್ತು ಸುತ್ತಿ, ಕೂಗಿದಾಗ ಒಂದೊಂದೇ ಮೊಳ ಸಡಿಲಿಸುವವನು ಆ ಮೇಲಿನ ಮನುಷ್ಯ. ಕರೆದರೆ ಅವನು ಇಲ್ಲ ಎನ್ನುವಂತಿಲ್ಲ. ನಾನು ಎಲ್ಲರ ಎದುರು ಹಳಿಯಾಳದವನನ್ನು ಕರೆದೆ. ಊರು ಹಿಡಿದು ಕರೆದೆ. ಅವನಿಗೆ ತನ್ನನ್ನೇ ಕರೆದದ್ದು ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಗ್ಯಾಂಗಿಗೆ ತೋರಿಸಬೇಕೆಂಬ ಹಟ ನನಗಿತ್ತು, ಮುಚ್ಚಿಡುವುದಿಲ್ಲ. ಅವನು ಬಂದು ಟ್ಯಾಂಕಿನ ನೆರಳಿನಲ್ಲಿ ನಿಂತ, ಗೋಡೆಯಂಚಿಗೆ ಹಗ್ಗ ಸವೆಯದಂತೆ ಗೋಣಿತಾಟು ಮಡಚಿ ಇಟ್ಟ, ನನ್ನ ಗಂಟನ್ನು ಬಿಚ್ಚಿ ಇನ್ನೊಮ್ಮೆ ತಾನೇ ಹಾಕಿದ.

ಹದಿನಾಲ್ಕು, ಹದಿಮೂರು. ಕಬ್ಬಿಣದ ಪತ್ತಿ ಕೈಯಲ್ಲಿ ಹಿಡಿಯಲಾರದಷ್ಟು ಕಾದಿತ್ತು. ಗೋಡೆಯ ಕಾವು ಎದುರಿನಿಂದ, ಬಿಸಿಲು ಬೆನ್ನಿಗೆ. ನಡುವೆ ಮನುಷ್ಯ ತವೆಯ ಮೇಲಿನ ರೊಟ್ಟಿ. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಕಣ್ಣ ಮುಂದೆ ಕಪ್ಪು ಚುಕ್ಕಿ ಕುಣಿಯತೊಡಗಿದವು. ನಾನು ತೂಗುತ್ತಿದ್ದ ದಿನಗಳಲ್ಲಿ ನನ್ನನ್ನು ಯಾರೂ ದಿನವಿಡೀ ಇಲ್ಲಿ ಬಿಟ್ಟಿರಲಿಲ್ಲ ಎಂಬುದು ಆಗ ನೆನಪಾಯಿತು. “ಇಳಿಸು” ಎಂದು ಕೂಗಿದೆ. ಹಲಗೆ ಒಂದಿಷ್ಟೂ ಜಗ್ಗದೆ, ಒಂದೇ ಹದದಲ್ಲಿ ಇಳಿಯಿತು.

ಹನ್ನೊಂದನೆಯದರಲ್ಲಿ ಮುಚ್ಚಿದ ಪರದೆಯ ಅಂಚು ಸರಿಯಿತು. ಮೇಡಂ. ನನ್ನನ್ನು ನೋಡಿ ಪರದೆ ಪೂರ್ತಿ ಎಳೆದು, ಕಿಟಕಿ ತೆರೆದರು.

“ಅಯ್ಯೋ, ನೀವಾ! ಬಂದದ್ದು ಒಳ್ಳೆಯದಾಯ್ತು ಮಾರಾಯ್ರೆ. ನಿನ್ನೆಯಿಂದ ಪರದೆ ಹಾಕಿಯೇ ಕೂತದ್ದು. ಮಗಳು ಮಧ್ಯಾಹ್ನ ಒಬ್ಬಳೇ ಇರ್ತಾಳೆ ನೋಡಿ, ಎಂತ ಮಾಡುದು.” ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಚಾಚಿದರು. “ಅವನು ಒಳ್ಳೆಯವನೇ, ನಾನು ಇಲ್ಲ ಹೇಳುದಿಲ್ಲ. ಆದ್ರೂ ಈ ಬದಿಗೆ ನೀವೇ ಬಂದ್ರೆ ಒಂದು ಧೈರ್ಯ. ಅಲ್ವಾ?”

ಭಾನುವಾರ ಕಣ್ಣೊರೆಸಿಕೊಂಡದ್ದು ಇದೇ ಕಣ್ಣು. ಅದು ಸುಳ್ಳಲ್ಲ, ಇದೂ ಸುಳ್ಳಲ್ಲ. ಅರವತ್ತು ಜನರ ಮುಂದೆ ಮೈಕು ಹಿಡಿದು ಭೇದವಿಲ್ಲ ಎಂದವನು ನಾನು. ಇಲ್ಲಿ ಕೇಳುವವರು ಒಬ್ಬರೇ, ಒಂದು ಕೈ ಅಂತರದಲ್ಲಿ, ನನ್ನದೇ ಭಾಷೆಯಲ್ಲಿ. ‘ನನ್ನ ಹಗ್ಗ ಹಿಡಿದಿರುವವನು ಅವನೇ ಮೇಡಂ’ ಎನ್ನಬಹುದಿತ್ತು. ಮಾತು ತಯಾರಿತ್ತು. ಆದರೆ ಅವರ ಕೈ ಬಿಸಿಲಿಗೆ ಚಾಚಿತ್ತು, ಲೋಟದ ಹೊರಗೆ ತಣ್ಣನೆಯ ಹನಿಗಳಿದ್ದವು, ನಮ್ಮ ಪರವಾಗಿ ಕಮಿಟಿಯೊಂದಿಗೆ ಜಗಳವಾಡಿದ್ದವರು ಅವರೊಬ್ಬರೇ.

“ಹೌದ್ರೀ ಮೇಡಂ” ಎಂದೆ. ಮಜ್ಜಿಗೆ ಕುಡಿದೆ.

ಮೇಲೆ ನೋಡಿದಾಗ ಗೋಡೆಯಂಚಿನಲ್ಲಿ ಅವನ ತಲೆ ಇತ್ತು. ಮೂರು ಮಹಡಿಯ ಅಂತರ, ಗಾಳಿ ಇರಲಿಲ್ಲ. ನಾನು ಕೂಗಲಿಲ್ಲ. ಅವನೇ ಕೇಳಿದ, “ಇಳಸ್ಲಿರಿ?”

“ಇಳಿಸು.”

ಸಂಜೆಯವರೆಗೆ ಹಗ್ಗದ ಹದ ಒಮ್ಮೆಯೂ ತಪ್ಪಲಿಲ್ಲ. ನೆಲ ಮುಟ್ಟಿ, ಬೆಲ್ಟು ಬಿಚ್ಚಿ, ಮೇಲೆ ಹೋದಾಗ ಅವನು ಹಗ್ಗ ಸುರುಳಿ ಸುತ್ತುತ್ತಿದ್ದ. ಬೊರಿವಲಿಯಲ್ಲಿ ಹೊಸ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಪುಟ್ಟಿಯ ಕೆಲಸವಿದೆ, ಊರಿನವರೊಬ್ಬರು ಕರೆಯುತ್ತಿದ್ದಾರೆ, ನಾಳೆಯಿಂದ ಅಲ್ಲಿಗೆ ಹೋಗುತ್ತೇನೆ ಎಂದ.

“ಮೂರ ವಾರದಾಗ ಇಲ್ಲಿದ ಮುಗೀತೈತಿ. ತಡಿಯೋ. ನಿನ್ನ ಬಿಸಲಿಗೆ ಹಾಕೂದಿಲ್ಲ, ನನ್ನ ಮ್ಯಾಲ ಆಣಿ.”

“ಬಿಸಲಿಂದಲ್ರಿ ಅಣ್ಣಾರ. ಅಲ್ಲಿ ಕಿಟಕಿ ಇಲ್ಲ.”

ಅವನು ಹಗ್ಗದ ಸುರುಳಿಯನ್ನು ನನ್ನ ಕೈಗೆ ಕೊಟ್ಟ. ನಾನು ಅದನ್ನು ಹಿಡಿದು ನಿಂತೆ.

“ನೀ ಕೇಳಿದೇನು, ಅವರಂದದ್ದು?”

“ಕೇಳಿದ್ನಿರಿ.”

“ನಾ ಏನ ಅನಬೇಕಿತ್ತು ಹೇಳು. ನೀನ ಹೇಳು.”

ಕೋಪದಿಂದ ಕೇಳಿದ್ದಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದೆ. ಅವನು ಸ್ವಲ್ಪ ಯೋಚನೆ ಮಾಡಿದ. ಬೈಗುಳ ಹುಡುಕುವವನ ಹಾಗಿರಲಿಲ್ಲ, ಬಿರುಕು ಎಲ್ಲಿಯವರೆಗೆ ಹೋಗಿದೆ ಎಂದು ನೋಡುವವನ ಹಾಗಿತ್ತು.

“ಮ್ಯಾಲ ನಿಂತಾಂವಗ ನನಗ ಹೆಂಗ ತಿಳೀಬೇಕ್ರಿ” ಎಂದ. “ಕಿಟಕಿ ಮುಂದ ಇದ್ದವ್ರು ನೀವು.”